ಔಷಧಿ ಸಸ್ಯಗಳ ಮೇಲೆ ಕೈಟೋಸಾನಿನ ಪ್ರಭಾವ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಸಾಗಿದಂತೆ ಬಯಲು ಹಿಂದೆ ಸರಿದು ಸಹ್ಯಾದ್ರಿಯ ಅರಣ್ಯವು ಆರಂಭವಾಗುತ್ತದೆ. ಸಹ್ಯಾದ್ರಿಯ ಕಾಡುಗಳಲ್ಲಿ ಬೆಳೆಯುವ, ಮರಾಠಿಯಲ್ಲಿ ನರಕ್ಯಾ ಎಂದು ಹೆಸರಾದ ಸಣ್ಣ ಮರವೊಂದರಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ಸಸ್ಯಕ್ಷಾರವಿರುವುದು 1972ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ರೋಗದ ಕೆಲವು ಔಷಧಿಗಳಿಗೆ ಇದು ಮೂಲದ್ರವ್ಯವಾದುದರಿಂದ ಅನೇಕ ಕಡೆಗಳಲ್ಲಿ ಈ ಮರಗಳು ಕೊಡಲಿಗೆ ತುತ್ತಾದುವು. ಕಾಡನ್ನು ಕಡಿಯದೆ, ಬೆಳೆಸಿದ ಸಸ್ಯದಲ್ಲಿಯೇ ಔಷಧದ್ರವ್ಯವನ್ನು ವೃದ್ಧಿಪಡಿಸುವುದು ಸಾಧ್ಯವೇ ಎಂಬುದು ಆದುದರಿಂದ ವಿಚಾರಾರ್ಹವಾದ ಪ್ರಶ್ನೆ. ಇದಕ್ಕಾಗಿ ಪರೀಕ್ಷಿಸಲಾಗುತ್ತಿರುವ ಉಪಾಯಗಳಲ್ಲಿ ಕೈಟೋಸಾನಿನ ಪ್ರಯೋಗವೂ ಒಂದು.

ಸಿಗಡಿ, ಏಡಿಗಳ ಚಿಪ್ಪಿನಲ್ಲಿಯೂ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿಯೂ ಕೈಟಿನ್ ಎಂಬ ನೈಸರ್ಗಿಕ ಪಾಲಿಮರ್ ಇದೆ. ಫ್ರಾನ್ಸಿನ ಬ್ರಾಕೊನೋ ಎಂಬ ವಿಜ್ಞಾನಿಯು 1811ರಲ್ಲಿ ಇದನ್ನು ಅಣಬೆಗಳಿಂದ ಬೇರ್ಪಡಿಸಿದನು. ಕೈಟಿನ್ನನ್ನು ಪ್ರಬಲ ಕ್ಷಾರದಲ್ಲಿ ಕಾಯಿಸಿ ಅಸಿಟೈಲ್ ಗುಂಪುಗಳನ್ನು ಬಹುಮಟ್ಟಿಗೆ ತೆಗೆದರೆ ಕೈಟೋಸಾನ್ ದೊರೆಯುತ್ತದೆ. ಅದು ಶುದ್ಧ ನೀರಿನಲ್ಲಿ ಕರಗದು. ಸಾರಗುಂದಿಸಿದ ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ.

ಕೈಟೋಸಾನಿನ ಮುಖ್ಯ ಕಾರ್ಯವು ಗೊಬ್ಬರದ್ದಲ್ಲ, ಎಚ್ಚರಿಕೆಯದು. ಅದು ಸೋಂಕಿದೊಡನೆ ಸಸ್ಯವು ಶಿಲೀಂಧ್ರದ ಆಕ್ರಮಣವಾದಂತೆ ವರ್ತಿಸುತ್ತದೆ. ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚುತ್ತದೆ, ಪತ್ರರಂಧ್ರಗಳು ಕಿರಿದಾಗುತ್ತವೆ, ಜಾಸ್ಮೋನಿಕ್ ಆಮ್ಲದ ಮೂಲಕ ಸಂದೇಶವು ಹರಡುತ್ತದೆ, ಫೀನಾಲಿಕ್ ದ್ರವ್ಯಗಳನ್ನು ರಚಿಸುವ ಕಿಣ್ವಗಳು ಚುರುಕಾಗುತ್ತವೆ. ನಾವು ಔಷಧವೆಂದು ಬಳಸುವ ಅನೇಕ ದ್ರವ್ಯಗಳು ಮೂಲತಃ ಸಸ್ಯದ ಆತ್ಮರಕ್ಷಣೆಯ ಸಾಧನಗಳೇ ಆಗಿರುವುದರಿಂದ ಅವುಗಳ ಪ್ರಮಾಣವೂ ಏರಬಲ್ಲದು. ರಾಮತೀರ್ಥ ನಗರದಂತಹ ಬಡಾವಣೆಯ ಹಿತ್ತಿಲಿನಲ್ಲಿಯೂ ಬೆಳೆಯಬಲ್ಲ ಕಾಮಕಸ್ತೂರಿಯನ್ನು ಕುರಿತು 2005ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಕೈಟೋಸಾನಿನ ಉಪಚಾರದಿಂದ ರೋಸ್ಮರಿನಿಕ್ ಆಮ್ಲ, ಯೂಜಿನಾಲ್ ಎರಡೂ ಹೆಚ್ಚಿದುದು ಕಂಡುಬಂದಿತು.

ಆದರೆ ಈ ಫಲವನ್ನು ಅಳೆಯುವಲ್ಲಿ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಬರಿಯ ನೀರು ಸಿಂಪಡಿಸಿದ ಗಿಡಗಳೊಡನೆ ಹೋಲಿಸಿದರೆ ಸಾಲದು. ಅಷ್ಟೇ ಪ್ರಮಾಣದ ಅಸಿಟಿಕ್ ಆಮ್ಲವನ್ನು ಮಾತ್ರ ಪಡೆದ ಗಿಡಗಳೂ ಇರಬೇಕು. ಇಲ್ಲವಾದರೆ ಆಮ್ಲದ ಪರಿಣಾಮವನ್ನೇ ಕೈಟೋಸಾನಿನದೆಂದು ಭ್ರಮಿಸಬಹುದು. ಎರಡನೆಯದಾಗಿ, ಆತ್ಮರಕ್ಷಣೆಗೆ ಶಕ್ತಿ ವ್ಯಯವಾಗುತ್ತದೆ; ಮಾತ್ರೆ ಮೀರಿದರೆ ಬೆಳವಣಿಗೆ ಕುಂದುತ್ತದೆ. ಒಂದು ಗ್ರಾಂ ಎಲೆಯಲ್ಲಿ ದ್ರವ್ಯವು ಶೇಕಡಾ 20ರಷ್ಟು ಹೆಚ್ಚಿ, ಎಲೆಗಳ ಒಣತೂಕ ಶೇಕಡಾ 30ರಷ್ಟು ಇಳಿದರೆ, 100 ಭಾಗ ದೊರೆಯುತ್ತಿದ್ದಲ್ಲಿ 84 ಭಾಗ ಮಾತ್ರ ದೊರೆಯುತ್ತದೆ. ಮೂರನೆಯದಾಗಿ, ಕಾಮಕಸ್ತೂರಿಯ ಫೀನಾಲಿಕ್ ದ್ರವ್ಯಗಳೂ ನರಕ್ಯಾದ ಸಸ್ಯಕ್ಷಾರವೂ ಬೇರೆ ಬೇರೆ ಮಾರ್ಗಗಳಿಂದ ರಚನೆಯಾಗುತ್ತವೆ; ಒಂದರ ಫಲವನ್ನು ಮತ್ತೊಂದಕ್ಕೆ ಆರೋಪಿಸಲಾಗದು.

ಬೆಳಗಾವಿಯಲ್ಲಿ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯಿದೆ. ಸಮೀಪದಲ್ಲಿಯೇ ಸಹ್ಯಾದ್ರಿಯ ಸಸ್ಯಸಂಪತ್ತಿದೆ. ಇಂತಹ ಪ್ರಯೋಗಗಳಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ವಿರಳ. ಎಲೆಯಲ್ಲಿ ಹೆಚ್ಚಿದ ದ್ರವ್ಯವು ಇಡೀ ಬೆಳೆಯ ಇಳುವರಿಯಲ್ಲಿಯೂ ಹೆಚ್ಚಿದಾಗಲೇ ಕಾಡಿನ ಮರದ ಮೇಲಿನ ಭಾರ ಇಳಿದೀತು.