ಪಾತ್ರೆ ದೊಡ್ಡದೋ, ಪಂಕ್ತಿ ದೊಡ್ಡದೋ?

ಪೋರ್ಚುಗಲ್ ದೇಶದ ಡೌರೊ ನದಿಯ ಕಣಿವೆಯಲ್ಲಿ ಬೆಳೆಯುವ ದ್ರಾಕ್ಷಿಯಿಂದ ಪೋರ್ಟ್ ಎಂಬ ಸಿಹಿ ದ್ರಾಕ್ಷಾರಸ ಸಿದ್ಧವಾಗುತ್ತದೆ. 1703ರ ಮೆಥುಯೆನ್ ಒಪ್ಪಂದವು ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಫ್ರಾನ್ಸಿನದಕ್ಕಿಂತ ಕಡಿಮೆ ಸುಂಕವನ್ನು ಗೊತ್ತುಪಡಿಸಿದ ಮೇಲೆ ಇಂಗ್ಲೆಂಡಿನ ಸಿರಿವಂತರ ಭೋಜನಕೂಟಗಳಲ್ಲಿ ಅದು ನೆಲೆಯೂರಿತು. ಅದರೊಡನೆ ಸಲಕರಣೆಗಳ ಒಂದು ಪರಿವಾರವೇ ಬೆಳೆಯಿತು.

ಅವುಗಳಲ್ಲಿ ಕೆಲವು ಅಗತ್ಯದಿಂದಲೇ ಹುಟ್ಟಿದವು. ಹಳೆಯ ಪೋರ್ಟಿನ ಸೀಸೆಯ ತಳದಲ್ಲಿ ಮಡ್ಡಿ ನಿಲ್ಲುತ್ತದೆ; ತಿಳಿಯನ್ನು ಬಸಿದುಕೊಳ್ಳಲು ಡಿಕ್ಯಾಂಟರ್ ಎಂಬ ಗಾಜಿನ ಹೂಜಿ ಬೇಕು. ದಶಕಗಳ ಹಿಂದಿನ ಬಿರಡೆ ಪುಡಿಯಾಗುವುದರಿಂದ, ಕೆಂಪಗೆ ಕಾಯಿಸಿದ ಇಕ್ಕಳದಿಂದ ಸೀಸೆಯ ಕತ್ತನ್ನು ಹಿಡಿದು, ಅನಂತರ ತಣ್ಣೀರು ತಾಗಿಸಿ ಬೇರ್ಪಡಿಸುವ ಪದ್ಧತಿಯೂ ಉಂಟು. ಆದರೆ ಕೊಳವೆ ಜೋಡಿಸಿದ ಪುಟ್ಟ ಗಾಜಿನ ಲೋಟವೊಂದು ಮಾರಾಟದಲ್ಲಿದೆ. ಪೋರ್ಟನ್ನು ತಳದಿಂದ ಹೀರಬೇಕಂತೆ! ಮಡ್ಡಿ ನಿಲ್ಲುವುದೇ ತಳದಲ್ಲಿ. ಪರಿಮಳ ಏಳುವುದು ಮೇಲ್ಭಾಗದಲ್ಲಿ. ಇಲ್ಲಿ ಉಪಕರಣವು ಉದ್ದೇಶವನ್ನೇ ಮರೆತಿದೆ.

ಹೂಜಿಯನ್ನು ಎಡಗಡೆಯವರಿಗೆ ದಾಟಿಸುತ್ತ ಹೋಗುವುದು ಆ ಕೂಟಗಳ ಸಂಪ್ರದಾಯ. ಯಾರೂ ತಮ್ಮ ಮುಂದೆಯೇ ನಿಲ್ಲಿಸಿಕೊಳ್ಳದಿರಲೆಂದು ಗುಂಡುತಳದ ಹೂಜಿಯನ್ನೂ ಮಾಡಿದರು. ಆತಿಥೇಯನ ಬಳಿಯಿರುವ ಮರದ ಪೀಠದ ಹೊರತು ಅದು ಎಲ್ಲಿಯೂ ನಿಲ್ಲದು. ಹಂಚಿ ಕುಡಿಯುವುದೇ ಇದರ ಮೂಲ ಆಶಯ. ಹೂಜಿಯನ್ನು ದಾಟಿಸದವರಿಗೆ, 'ನಾರ್ವಿಚ್‌ನ ಬಿಷಪರನ್ನು ಬಲ್ಲಿರಾ?' ಎಂದು ಕೇಳುವ ವಾಡಿಕೆಯಿದೆ. ಬಲ್ಲವನು ನಕ್ಕು ದಾಟಿಸುತ್ತಾನೆ. ಅರಿಯದವನು 'ಇಲ್ಲ' ಎಂದರೆ, 'ಬಹಳ ಒಳ್ಳೆಯವರು, ಆದರೆ ಹೂಜಿ ದಾಟಿಸಲು ಮರೆಯುತ್ತಾರೆ' ಎಂಬ ಉತ್ತರ ಬರುತ್ತದೆ. ಹಂಚುವುದಕ್ಕೆಂದು ಹುಟ್ಟಿದ ಪದ್ಧತಿಯೇ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಪರೀಕ್ಷೆಯಾಗಿ ಮಾರ್ಪಟ್ಟಿತು.

ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ, ಗೆಳೆಯರ ಸಾಮಾನ್ಯ ಊಟಕ್ಕೂ ಮದುವೆಯೂಟದ ಖರ್ಚು ಮಾಡುವವನ ಮಾತೆತ್ತುತ್ತಾನೆ. ಅವನ ಗುರಿ ಅತಿಥಿಯ ತೃಪ್ತಿಯಲ್ಲ, ಸ್ವಂತ ಐಶ್ವರ್ಯದ ಪ್ರದರ್ಶನ. ಖರ್ಚಿನ ದೋಷಕ್ಕಿಂತ ಇದು ನೋಟದ ದೋಷವೆಂದು ನಾವು ಭಾವಿಸುತ್ತೇವೆ. ಆತನಿಗೆ ಅತಿಥಿಯು ಬರಿಯ ಪ್ರೇಕ್ಷಕ.

ಈ ರೋಗ ಇಂಗ್ಲೆಂಡಿಗೆ ಮಾತ್ರ ಸೀಮಿತವಲ್ಲ. ನಮ್ಮ ಮನೆಗಳ ಗಾಜಿನ ಕಪಾಟುಗಳಲ್ಲಿಯೂ ಎಂದೂ ಬಳಸದ ಲೋಟಗಳ ಸಾಲು ಇರುವುದುಂಟು. ಅವುಗಳಿಂದ ಯಾರಿಗೂ ಹಾನಿಯಿಲ್ಲ. ಆದರೆ ಹಬ್ಬದೂಟಕ್ಕೆ ಬಂದ ಬಡ ನೆಂಟನು ಯಾವ ಚಮಚವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಅಕ್ಕಪಕ್ಕ ನೋಡುವಾಗ ನಾವು ಏನು ಮಾಡುತ್ತೇವೆ? ಅವನನ್ನು ಕಂಡು ನಸುನಗುತ್ತೇವೆಯೋ, ನಮ್ಮ ಚಮಚವನ್ನೂ ಬದಿಗಿಟ್ಟು ಅವನಂತೆ ಕೈಯಿಂದಲೇ ಉಣ್ಣುತ್ತೇವೆಯೋ? ಮನೆಯ ಘನತೆ ತಿಳಿಯುವುದು ಅಲ್ಲಿಯೇ.