267 ಕಾನೂನುಗಳ ಲೆಕ್ಕ

ಶ್ವೇತಭವನ ಒಂದು ಪಕ್ಷದ ಕೈಯಲ್ಲಿದ್ದು, ಸಂಸತ್ತಿನ ಒಂದು ಸದನವಾದರೂ ಎದುರು ಪಕ್ಷದ ವಶದಲ್ಲಿದ್ದರೆ ಅಮೆರಿಕದಲ್ಲಿ ಯಾವ ದೊಡ್ಡ ಕೆಲಸವೂ ಆಗುವುದಿಲ್ಲ. 1980ರ ದಶಕದಲ್ಲಿ ಅಲ್ಲಿನ ರಾಜ್ಯಶಾಸ್ತ್ರಜ್ಞರು ಹೆಚ್ಚಿನವರು ಹೀಗೆಯೇ ನಂಬಿದ್ದರು. ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಮೇಹ್ಯೂ ಇದನ್ನು ಲೆಕ್ಕ ಹಾಕಿಯೇ ನೋಡಲು ಕುಳಿತರು.

ಆದರೆ ಯಾವುದನ್ನು ಎಣಿಸುವುದು? ಅಂಚೆ ಕಚೇರಿಗೆ ಹೆಸರಿಡುವುದೂ ಕಾನೂನೇ, ಯುರೋಪನ್ನು ಮತ್ತೆ ಎತ್ತಿ ನಿಲ್ಲಿಸಿದ ಮಾರ್ಷಲ್ ಯೋಜನೆಯೂ ಕಾನೂನೇ. ಮೇಹ್ಯೂ ಎರಡು ಜರಡಿ ಹಿಡಿದರು. ಅಧಿವೇಶನ ಮುಗಿದಾಗ ನ್ಯೂಯಾರ್ಕ್ ಟೈಮ್ಸ್ ಮತ್ತು ವಾಷಿಂಗ್ಟನ್ ಪೋಸ್ಟ್ ಬರೆದ ವರ್ಷಾಂತ್ಯದ ವರದಿಗಳನ್ನು ಓದಿ, ಆ ಹೊತ್ತಿನವರಿಗೆ ಮುಖ್ಯವೆನಿಸಿದ್ದನ್ನು ಆರಿಸಿದರು. ಆಮೇಲೆ ಆಯಾ ವಿಷಯದ ತಜ್ಞರು ವರ್ಷಗಳ ನಂತರ ಬರೆದದ್ದನ್ನು ಓದಿ, ಕಾಲ ಕಳೆದರೂ ತೂಕ ಉಳಿಸಿಕೊಂಡದ್ದನ್ನು ಸೇರಿಸಿದರು. 1946ರಿಂದ 1990ರವರೆಗೆ ಅಂಥವು 267 ಸಿಕ್ಕವು.

ಫಲಿತಾಂಶ 1991ರಲ್ಲಿ 'ಡಿವೈಡೆಡ್ ವಿ ಗವರ್ನ್' ಪುಸ್ತಕವಾಗಿ ಬಂತು. ಒಂದೇ ಪಕ್ಷದ ಆಡಳಿತವಿದ್ದಾಗ ಎರಡು ವರ್ಷದ ಸಂಸತ್ತೊಂದಕ್ಕೆ ಸರಾಸರಿ 12.8 ಮಹತ್ವದ ಕಾನೂನು. ಅಧಿಕಾರ ಹಂಚಿಹೋಗಿದ್ದಾಗ 11.7. ಇಷ್ಟು ಸಣ್ಣ ಅಂತರ! ಮಾರ್ಷಲ್ ಯೋಜನೆಗೆ ಹಣ ಕೊಟ್ಟದ್ದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಟ್ರೂಮನ್ ಎದುರಿಗಿದ್ದ ರಿಪಬ್ಲಿಕನ್ ಸಂಸತ್ತು. ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ಎರಡೂ ಸದನ ಡೆಮಾಕ್ರಟರದ್ದು. ಆದರೂ 1970ರಲ್ಲಿ ಶುದ್ಧ ಗಾಳಿಯ ಮಸೂದೆಯ ವಿರುದ್ಧ ಸೆನೆಟ್‌ನಲ್ಲಿ ಒಂದು ಮತವೂ ಬೀಳಲಿಲ್ಲ, ಪರವಾಗಿ 73. ಮೇಹ್ಯೂ ಪಟ್ಟಿಯ ಬಹುತೇಕ ಕಾನೂನುಗಳಿಗೆ ಎರಡೂ ಪಕ್ಷಗಳ ಮತ ಬಿದ್ದಿದ್ದವು. ಈ ಸಂಗತಿ ಸರಾಸರಿಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ.

ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದರು. ಪಾಸಾದದ್ದನ್ನು ಎಣಿಸಿದರೆ ಸಾಲದು, ಆಗಬೇಕಿದ್ದೂ ಆಗದೆ ಉಳಿದದ್ದನ್ನೂ ಎಣಿಸಬೇಕು ಎಂದರು ರಾಜ್ಯಶಾಸ್ತ್ರಜ್ಞೆ ಸಾರಾ ಬೈಂಡರ್. ಅವರ ಎಣಿಕೆಯಲ್ಲಿ ಹಂಚಿಹೋದ ಅಧಿಕಾರ ಬಿಕ್ಕಟ್ಟನ್ನು ಹೆಚ್ಚಿಸುವುದೇ ಕಂಡಿತು; ಎರಡು ಪಕ್ಷಗಳ ನಡುವಿನ ಮಧ್ಯಮಮಾರ್ಗಿಗಳು ಕಡಿಮೆಯಾದಷ್ಟೂ ಅದು ಇನ್ನಷ್ಟು ಬಿಗಿಯುತ್ತದೆ. ಇದು ನ್ಯಾಯವಾದ ಆಕ್ಷೇಪ. ಇಂದು ಆ ಮಧ್ಯಮಮಾರ್ಗಿಗಳು ಬೆರಳೆಣಿಕೆಯಷ್ಟು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಸೆನೆಟ್‌ನಲ್ಲಿ ಬಹುಪಾಲು ಮಸೂದೆಗಳ ಚರ್ಚೆ ಮುಗಿಸಲು 60 ಮತ ಬೇಕು. ಆಳುವ ಪಕ್ಷಕ್ಕೂ ಎದುರಿನವರ ಸಹಾಯವಿಲ್ಲದೆ ಅಷ್ಟು ಸಿಗುವುದು ಅಪರೂಪ. 2023ರಲ್ಲಿ ಕೆಳಮನೆ ರಿಪಬ್ಲಿಕನ್ನರದ್ದು, ಸೆನೆಟ್ ಡೆಮಾಕ್ರಟರದ್ದು. ದೇಶದ ಸಾಲದ ಮಿತಿಯ ಮಸೂದೆ ಕೆಳಮನೆಯಲ್ಲಿ 314–117ರಿಂದ ಗೆದ್ದಿತು. ಪರವಾಗಿ ಬಿದ್ದವುಗಳಲ್ಲಿ 165 ಡೆಮಾಕ್ರಟರ ಮತ, 149 ರಿಪಬ್ಲಿಕನ್ನರ ಮತ.