ಸುಟ್ಟ ಬೇಲಿ, ಸರ್ಕಾರದ ಸಹಾಯಧನ ಮತ್ತು ವರ್ತಕನ ಉದ್ರಿ

ಅಮೆರಿಕದ ಕಾನ್ಸಾಸ್ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಕ್ಲಾರ್ಕ್ ಕೌಂಟಿಯು ದನಸಾಕಣೆಯನ್ನೇ ನೆಚ್ಚಿಕೊಂಡ ಪ್ರದೇಶ. 2010ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 2,215 ಮಾತ್ರ. 2017ರ ಮಾರ್ಚ್ 6ರಂದು ನೆರೆಯ ಒಕ್ಲಹೋಮಾದಲ್ಲಿ ಹೊತ್ತಿಕೊಂಡ ಬೆಂಕಿಯು ಬಿರುಗಾಳಿಯೊಡನೆ ಗಡಿ ದಾಟಿ ಬಂದು ಈ ಕೌಂಟಿಯ ಸುಮಾರು ಶೇ. 85 ಭಾಗವನ್ನು ಸುಟ್ಟುಹಾಕಿತು. ಸಾವಿರಾರು ದನಗಳು ಸತ್ತವು. ಮಳೆ ಬಂದರೆ ಹುಲ್ಲು ಮತ್ತೆ ಚಿಗುರುತ್ತದೆ. ಆದರೆ ಬೇಲಿ ಚಿಗುರುವುದಿಲ್ಲ. ಮರದ ಕಂಬಗಳು ಬೂದಿಯಾದವು. ಕಾವಿಗೆ ಸತುವಿನ ಲೇಪ ಕಳೆದುಕೊಂಡ ಮುಳ್ಳುತಂತಿ ಬಳಕೆಗೆ ಬಾರದಾಯಿತು. ಹೊಸ ಬೇಲಿಗೆ ಮೈಲಿಗೆ ಸುಮಾರು 10,000 ಡಾಲರ್ ಬೇಕೆಂಬುದು ಆಗಿನ ಅಂದಾಜು.

ಇಂತಹ ಆಪತ್ತಿಗಾಗಿ ಅಲ್ಲಿನ ಕೃಷಿ ಇಲಾಖೆಯಲ್ಲಿ 1978ರ ಕಾಯಿದೆಯನ್ವಯ ತುರ್ತು ಸಂರಕ್ಷಣಾ ಯೋಜನೆಯೊಂದಿದೆ. ಹೊಲದಲ್ಲಿ ಬಿದ್ದ ಅವಶೇಷಗಳನ್ನು ತೆಗೆಯುವುದು, ಕೊರೆದುಹೋದ ನೆಲವನ್ನು ಸಮ ಮಾಡುವುದು, ಬೇಲಿ ಕಟ್ಟುವುದು, ಬರಗಾಲದಲ್ಲಿ ದನಗಳಿಗೆ ನೀರೊದಗಿಸುವುದು ಇದರ ವ್ಯಾಪ್ತಿಗೆ ಬರುತ್ತವೆ. ಫಾರ್ಮ್ ಸರ್ವಿಸ್ ಏಜೆನ್ಸಿಯ ಕೌಂಟಿ ಕಚೇರಿಯು ಸ್ಥಳ ಪರಿಶೀಲನೆ ನಡೆಸುತ್ತದೆ. ರೈತರೇ ಚುನಾಯಿಸಿದ ಕೌಂಟಿ ಸಮಿತಿಯು ಅರ್ಜಿಗಳನ್ನು ಪರಾಮರ್ಶಿಸುತ್ತದೆ. ಒಪ್ಪಿತ ವೆಚ್ಚದ ಶೇ. 75ರವರೆಗೆ, ಸೀಮಿತ ಸಂಪನ್ಮೂಲದ ರೈತರಿಗೆ ಶೇ. 90ರವರೆಗೆ ಸಹಾಯಧನ ದೊರೆಯುತ್ತದೆ.

ಕಾಗದದ ಮೇಲೆ ಇದು ಉದಾರವೆಂದೇ ತೋರುತ್ತದೆ. ಆದರೆ ವರ್ತಕನ ಕಣ್ಣಿನಿಂದ ನೋಡಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ. ಮೂಲತಃ ಈ ಹಣ ಕೈಸೇರುತ್ತಿದ್ದುದು ಕೆಲಸ ಮುಗಿದ ಮೇಲೆ, ರಸೀದಿ ಒಪ್ಪಿಸಿದ ನಂತರ. ಅಲ್ಲಿಯವರೆಗೆ ತಂತಿ, ಕಂಬ, ಕೂಲಿಯ ಹಣ ಎಲ್ಲಿಂದ ಬರಬೇಕು? ರೈತನ ಉಳಿತಾಯದಿಂದ, ಬ್ಯಾಂಕ್ ಸಾಲದಿಂದ, ಇಲ್ಲವೇ ಅಂಗಡಿಯ ಉದ್ರಿಯಿಂದ. ಮಾರುವ ದನಗಳೇ ಸತ್ತಿರುವ ವರ್ಷದಲ್ಲಿ ಉಳಿತಾಯದ ಮಾತು ದೂರ. ಅಂದರೆ ಸರ್ಕಾರದ ಸಹಾಯಧನಕ್ಕೆ ಮೊದಲ ಬಂಡವಾಳ ಹೂಡುವ ಹೊರೆಯ ಒಂದು ಪಾಲು ತಂತಿ ಮಾರುವವನ ಖಾತೆಪುಸ್ತಕದ ಮೇಲೆ ಬೀಳುತ್ತದೆ.

ಅಂದಿನ ಮಿತಿಯೂ ಬಿಗಿಯಾಗಿತ್ತು: ಒಂದು ವಿಪತ್ತಿಗೆ ಒಬ್ಬರಿಗೆ 2,00,000 ಡಾಲರ್. ಒಬ್ಬ ರೈತನ 40 ಮೈಲಿ ಬೇಲಿ ಸುಟ್ಟಿದೆ ಎಂದಿಟ್ಟುಕೊಳ್ಳೋಣ. ವೆಚ್ಚ 4,00,000, ಶೇ. 75ರಂತೆ 3,00,000 ಸಿಗಬೇಕು. ಮಿತಿಯಿಂದಾಗಿ ಸಿಗುವುದು 2,00,000. ಅರ್ಧದಷ್ಟು ಅವನ ತಲೆಯ ಮೇಲೆಯೇ ಉಳಿಯಿತು. 2018ರ ಕೃಷಿ ಕಾಯಿದೆಯು ಈ ಮಿತಿಯನ್ನು 5,00,000ಕ್ಕೆ ಏರಿಸಿತು. ಅದಕ್ಕಿಂತ ಮುಖ್ಯವಾಗಿ, ಬೇಲಿಯ ಕೆಲಸಕ್ಕೆ ಶೇ. 25ರವರೆಗೆ ಮುಂಗಡ ಪಡೆಯುವ ಅವಕಾಶ ನೀಡಿ, ಅದನ್ನು 60 ದಿನಗಳೊಳಗೆ ಖರ್ಚು ಮಾಡಬೇಕೆಂದು ವಿಧಿಸಿತು. ಪತ್ರಿಕೆಗಳ ಗಮನವು ಮಿತಿಯ ಏರಿಕೆಯತ್ತ ಹೋಗುವುದು ಸಹಜ. ಲೇಖಕನ ಎಣಿಕೆಯಲ್ಲಿ ಮಾರುಕಟ್ಟೆಯನ್ನು ಚಲಿಸುವಂತೆ ಮಾಡುವುದು ಮುಂಗಡವೇ. ನಗದು ಕೈಯಲ್ಲಿದ್ದವನು ದರ ವಿಚಾರಿಸಿ ಕೊಳ್ಳುತ್ತಾನೆ. ಉದ್ರಿಯವನು ಕೊಟ್ಟ ದರಕ್ಕೆ ತಲೆಬಾಗುತ್ತಾನೆ.

ನಮ್ಮಲ್ಲಿಯ ಕ್ರಮ ಬೇರೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022ರಿಂದ 2026ರ ಅವಧಿಯ ಮಾನದಂಡದಂತೆ, ನೆರೆಯಿಂದ ಮೂರು ಅಂಗುಲಕ್ಕೂ ಹೆಚ್ಚು ಹೂಳು ಕೂಡಿದ ಜಮೀನಿಗೆ ಹೆಕ್ಟೇರಿಗೆ 18,000 ರೂ. ನೆರವು ನಿಗದಿಯಾಯಿತು. ಇದು ವೆಚ್ಚದ ಶೇಕಡಾವಾರು ಪಾಲಲ್ಲ, ವಿಸ್ತೀರ್ಣಕ್ಕೆ ಕಟ್ಟಿದ ಮೊತ್ತ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 7,280 ರೂ. ಒಂದು ಎಕರೆಯಲ್ಲಿ ಮೂರು ಅಂಗುಲ ಹೂಳೆಂದರೆ 300 ಘನ ಮೀಟರಿಗೂ ಮಿಗಿಲು. 3 ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ನೂರು ಲೋಡು. ಲೋಡಿಗೆ 73 ರೂಪಾಯಿ ಬಿದ್ದಂತಾಯಿತು. ಈ ದರದಲ್ಲಿ ಮಣ್ಣು ತುಂಬಿ, ಸಾಗಿಸಿ, ಸುರಿದು ಬರಲು ಯಾವ ಟ್ರ್ಯಾಕ್ಟರ್ ಮಾಲೀಕನು ಒಪ್ಪಿಯಾನು ಎಂಬುದನ್ನು ಯಂತ್ರ ಬಾಡಿಗೆಯ ವ್ಯವಹಾರದಲ್ಲಿರುವ ನಮ್ಮ ಸದಸ್ಯರೇ ಬಲ್ಲರು.